ಕೇಳಿದವರಿಗೆ ಹೇಳಿದೆ

ನಾನು ನಿವೃತ್ತಳಾದ ದಿನ ಆಸ್ಪತ್ರೆಯಲ್ಲಿ ಒಂದು ಸಣ್ಣ ಕಾರ್ಯಕ್ರಮ ಇಟ್ಟಿದ್ದರು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮಾತಾಡಿದ ದೊಡ್ಡವರೊಬ್ಬರು, "ಸಿಸ್ಟರ್ ಹುಲಿಗೆಮ್ಮ ಸಾಯುವವರಿಗೂ ಧೈರ್ಯ ಹೇಳಿದವರು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈಮುಗಿದು ಸುಮ್ಮನೆ ಕೂತೆ. ಅವತ್ತು ಸುಮ್ಮನಿದ್ದದ್ದು ತಪ್ಪು ಎನಿಸಿ ಈಗ ಬರೆಯುತ್ತಿದ್ದೇನೆ. ನೌಕರಿಯ ಮೊದಲ ಅರ್ಧದಲ್ಲಿ ನಾನೂ ಎಲ್ಲರ ಹಾಗೆ "ಏನೂ ಆಗಲ್ಲ, ಧೈರ್ಯವಾಗಿರಿ" ಎನ್ನುತ್ತಿದ್ದೆ. ಅದರಿಂದ ಆದ ಅನಾಹುತ ಕಣ್ಣಾರೆ ನೋಡಿದ ಮೇಲೆ ಬಿಟ್ಟೆ. ಬಿಟ್ಟಿದ್ದಕ್ಕೆ ನನಗೆ ಎಚ್ಚರಿಕೆ ಪತ್ರ ಬಂತು. ಆ ಎರಡೂ ವಿಷಯ ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರಿಗೆ ಗೊತ್ತಿರಬೇಕು.

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ನಡುವೆಯೇ ನನ್ನ ನೌಕರಿ ಮುಗಿಯಿತು ಎಂದರೆ ಸಾಕು. ಯಾವ ವರ್ಷ ಬಡ್ತಿ ಬಂತು, ಎಲ್ಲಿಗೆ ವರ್ಗವಾಯಿತು ಎಂಬುದರಲ್ಲಿ ಯಾರಿಗೂ ಉಪಯೋಗವಿಲ್ಲ.

ಮೊದಲು ಗುರುಸಿದ್ದಪ್ಪ ಮೇಷ್ಟ್ರ ವಿಷಯ ಹೇಳಬೇಕು. ಹಡಗಲಿ ಕಡೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ನಿವೃತ್ತರಾದವರು. ಬಿಡದ ಕೆಮ್ಮು, ಕಫದಲ್ಲಿ ರಕ್ತ. ದಾವಣಗೆರೆಗೆ ಹೋಗಿ ಸ್ಕ್ಯಾನ್ ಮಾಡಿಸಿದಾಗ ಶ್ವಾಸಕೋಶದ ಕ್ಯಾನ್ಸರ್, ಆಗಲೇ ಹಬ್ಬಿದೆ ಎಂದು ಗೊತ್ತಾಯಿತು. ನಮ್ಮ ವಾರ್ಡಿಗೆ ಬಂದಾಗ ಮಗ ನನ್ನನ್ನು ಹೊರಗೆ ಕರೆದ.

"ಸಿಸ್ಟರ್, ಅಪ್ಪಾಜಿಗೆ ಟೀಬಿ ಅಂತ ಹೇಳ್ರಿ. ಟೀಬಿ ಅಂದ್ರ ವಾಸಿ ಆಗೋ ರೋಗ. ಆರು ತಿಂಗಳು ಗುಳಿಗಿ ನುಂಗಿದ್ರ ಹೋಗ್ತೈತಿ ಅಂತ ಅವರಿಗೂ ಗೊತ್ತೈತಿ. ಕ್ಯಾನ್ಸರ್ ಅಂದ್ರ ಅರ್ಧ ಜೀವ ಅಲ್ಲೇ ಹೋಗಿಬಿಡ್ತೈತ್ರಿ."

ಒಳ್ಳೆಯ ಮಗ. ಕಣ್ಣು ಕೆಂಪಾಗಿದ್ದವು. ಡಾಕ್ಟರು "ಹಾಗೇ ಹೇಳಿ" ಎಂದು ತಲೆ ಆಡಿಸಿ ಮುಂದಿನ ಹಾಸಿಗೆಗೆ ಹೋದರು. ನಾನು ಮೇಷ್ಟ್ರ ಹತ್ತಿರ ಹೋಗಿ ಟೀಬಿ ಎಂದೆ. ವಿಟಮಿನ್ ಗುಳಿಗೆಯ ಪಟ್ಟಿ ಕೈಗಿಟ್ಟು, ದಿನಾ ಬೆಳಿಗ್ಗೆ ತಪ್ಪದೆ ತೆಗೆದುಕೊಳ್ಳಿ ಎಂದೂ ಹೇಳಿದೆ. ಅವರ ಮುಖದಲ್ಲಿ ಒಂದು ಗೆಲುವು ಬಂತು. ನನಗೂ ಏನೋ ಪುಣ್ಯದ ಕೆಲಸ ಮಾಡಿದಂತೆ ಅನಿಸಿತು.

ಅವರು ಮೇಷ್ಟ್ರು ಎಂಬುದನ್ನು ನಾವ್ಯಾರೂ ಯೋಚಿಸಲಿಲ್ಲ. ಟೀಬಿ ಹೇಗೆ ಹರಡುತ್ತದೆ ಎಂದು ಅವರು ಎಷ್ಟೋ ವರ್ಷ ಮಕ್ಕಳಿಗೆ ಪಾಠ ಮಾಡಿದ್ದರು. ಮನೆಗೆ ಹೋದವರೇ ಹಿತ್ತಲ ಕಡೆಯ ಕೋಣೆಗೆ ಮಂಚ ಹಾಕಿಸಿಕೊಂಡರು. ತಟ್ಟೆ, ಲೋಟ ಬೇರೆ ಮಾಡಿಕೊಂಡರು. ಬಾಯಿಗೆ ಯಾವಾಗಲೂ ಟವೆಲು. ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗಳಿದ್ದಳು, ಅಜ್ಜನ ಮೈಮೇಲೇ ಬೆಳೆದ ಕೂಸು. ಅವಳು ಒಳಗೆ ಬಾರದಂತೆ ಕೋಣೆಯ ಬಾಗಿಲಲ್ಲಿ ಚಾಕ್‌ಪೀಸಿನಿಂದ ಒಂದು ಗೆರೆ ಎಳೆದರು. ಅಳಿಸಿದಂತೆಲ್ಲ ಮತ್ತೆ ಎಳೆಯುತ್ತಿದ್ದರಂತೆ. ಕೂಸು ಗೆರೆಯ ಆಚೆ ಕೂತು ಅಜ್ಜನಿಗೆ ಕತೆ ಹೇಳು ಎನ್ನುತ್ತಿತ್ತು. ಅವರು ಟವೆಲಿನೊಳಗಿಂದ ಹೇಳುತ್ತಿದ್ದರು. ಆರು ತಿಂಗಳಾಗಲಿ, ಆಮೇಲೆ ಎತ್ತಿಕೊಳ್ಳುತ್ತೇನೆ ಎನ್ನುತ್ತಿದ್ದರು. ನಾಲ್ಕನೇ ತಿಂಗಳು ತೀರಿಕೊಂಡರು.

ಆಮೇಲೆ ಒಂದು ದಿನ ಆ ಊರಿಗೆ ಲಸಿಕೆ ಕೆಲಸಕ್ಕೆ ಹೋದವಳು ಅವರ ಮನೆಗೂ ಹೋದೆ. ಮೇಷ್ಟ್ರ ಹೆಂಡತಿಗೂ ಆವರೆಗೆ ಯಾರೂ ನಿಜ ಹೇಳಿರಲಿಲ್ಲ. ತೀರಿಕೊಂಡ ಮೇಲೆ ಆಸ್ಪತ್ರೆಯ ಕಾಗದಗಳಿಂದ ಗೊತ್ತಾಗಿತ್ತು.

"ಯವ್ವಾ, ಅದು ಅಂಟೋ ರೋಗ ಅಲ್ಲ ಅಂತ ನಿನಗ ಗೊತ್ತಿತ್ತೇನು?" ಎಂದು ಕೇಳಿದರು.

"ಗೊತ್ತಿತ್ರಿ ಅಮ್ಮಾ."

"ಒಂದು ಮಾತು ಹೇಳಿದ್ರ ಆ ಕೂಸನ್ನ ಒಂದ್ಸಲ ಎತ್ಕಂತಿದ್ರಲ್ಲ."

ಬೈಯಲಿಲ್ಲ, ಅಳಲೂ ಇಲ್ಲ. ಗೆರೆ ಎಳೆದಿದ್ದ ಜಾಗವನ್ನು ತೋರಿಸಿದರು. ನನ್ನ ಕೈಯಿಂದ ಔಷಧಿ ತಪ್ಪಿದ್ದುಂಟು, ಇಂಜೆಕ್ಷನ್ ತಪ್ಪಿದ್ದುಂಟು. ಅವೆಲ್ಲ ಸರಿಹೋದವು. ಇದು ಸರಿಹೋಗುವ ತಪ್ಪಾಗಿರಲಿಲ್ಲ.

ಅದಾಗಿ ಕೆಲವು ವರ್ಷಕ್ಕೆ ಉಪಶಮನ ಆರೈಕೆಯ ತರಬೇತಿಗೆ ಒಬ್ಬ ನರ್ಸನ್ನು ಕಳಿಸಿ ಎಂದು ಆದೇಶ ಬಂತು. ವಾಸಿಯಾಗದ ರೋಗಿಗಳ ನೋವು, ಉಸಿರಾಟದ ತೊಂದರೆ, ಹಾಸಿಗೆ ಹುಣ್ಣು, ಭಯ ಇವನ್ನು ನೋಡಿಕೊಳ್ಳುವ ಕೆಲಸ. ಯಾರೂ ಒಪ್ಪಲಿಲ್ಲ. "ಸಾಯೋರ ಮನೆ ಸುತ್ತೋ ಕೆಲಸ ಯಾರಿಗೆ ಬೇಕು" ಎಂದು ಜೊತೆಯವರು ನಕ್ಕರು. ನಾನು ಕೈ ಎತ್ತಿದೆ. ಆರು ವಾರ ಕಲಿತು ಬಂದೆ. ಔಷಧಿಯ ಪಾಠ ಬಹಳ ಇತ್ತು, ಆದರೆ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ರೋಗಿಗೆ ಏನನ್ನೂ ಹೇಳುವ ಮೊದಲು, "ನಿಮಗೆ ಏನಾಗಿದೆ ಅಂತ ನೀವು ತಿಳಿದಿದ್ದೀರಿ?" ಎಂದು ಕೇಳಬೇಕು. ಕೇಳಿ ಸುಮ್ಮನೆ ಕೂರಬೇಕು.

ಪ್ರಶ್ನೆ ಕಲಿತೆ, ಸುಮ್ಮನೆ ಕೂರುವುದನ್ನು ಕಲಿಯಲಿಲ್ಲ. ಮೇಷ್ಟ್ರ ಋಣ ತೀರಿಸುವ ಆತುರದಲ್ಲಿದ್ದೆ. ಕೂಡ್ಲಿಗಿ ಕಡೆಯ ಹಳ್ಳಿಯೊಂದರಲ್ಲಿ ಕೆಂಚಪ್ಪ ಎಂಬ ಅಜ್ಜ ಇದ್ದ. ಹುಟ್ಟಿದಾಗಿನಿಂದ ಕುರಿ ಕಾಯ್ದವನು. ಅದೇ ರೋಗ, ಅದೇ ಹಂತ. ಮೊದಲ ಭೇಟಿಯಲ್ಲೇ ಅವನ ಮಂಚದ ಪಕ್ಕ ಕೂತು, "ಅಜ್ಜಾ, ನಿನ್ನ ರೋಗದ ವಿಷಯ ನಿನಗ ಎಲ್ಲಾ ಗೊತ್ತಿರಬೇಕು" ಎಂದು ಶುರುಮಾಡಿದೆ. ಅವನು ಕೈ ಎತ್ತಿ ತಡೆದ.

"ತಡಿಯವ್ವಾ. ನಿನ್ನ ಮಾರಿ ನೋಡಿದ್ರ ತಿಳೀತೈತಿ. ಬಾಯಿಲೆ ಹೇಳಬ್ಯಾಡ."

"ಯಾಕಜ್ಜಾ?"

"ಹೇಳಿದ್ರ ದಿನಾ ಅದ ನೆನಪಾಗ್ತೈತಿ. ನಾನು ಕುರಿ ನೋಡ್ಕಂತ ಕುಂದ್ರತೀನಿ, ನನ್ನ ಪಾಡಿಗೆ ಬಿಡು. ಕೇಳಬೇಕಂದ್ರ ನಾನ ಕೇಳ್ತೀನಿ. ಮುದುಕಿಗೆ ಬೇಕಾದ್ರ ಹೇಳು, ಆಕಿ ಗಟ್ಟಿ."

ಅವನು ಕೊನೆಯವರೆಗೂ ಕೇಳಲಿಲ್ಲ. ಹೆಂಡತಿಗೆ ಎಲ್ಲ ಹೇಳಿದೆ, ಆಕೆ ಗಟ್ಟಿಯಾಗಿಯೇ ಇದ್ದಳು. ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತೆತ್ತಲಿಲ್ಲ, ಆ ಮನೆಯಲ್ಲಿ ಸುಳ್ಳೂ ಇರಲಿಲ್ಲ. ನಿಜವನ್ನು ಯಾರ ಬಾಯಿಗೂ ತುರುಕಬಾರದು ಎಂದು ನನಗೆ ಕಲಿಸಿದ್ದು ತರಬೇತಿಯಲ್ಲ, ಆ ಕುರಿಗಾಹಿ.

ವಾರಕ್ಕೆ ಎರಡು ದಿನ ಒಂದು ಜೀಪು ಸಿಗುತ್ತಿತ್ತು. ಉಳಿದ ದಿನ ಬಸ್ಸು, ಟಂಟಂ ಆಟೋ, ನಡಿಗೆ. ಒಂದೆರಡು ಊರುಗಳಲ್ಲಿ ನಾನು ಯಾವ ಕೇರಿಯವಳು ಎಂದು ತಿಳಿದ ಮೇಲೆ ಮನೆಯ ಹೊರಗಿನ ಕಟ್ಟೆಯ ಮೇಲೆ ಕುರ್ಚಿ ಹಾಕಿ, "ಇಲ್ಲೇ ಕುಂದ್ರಿ ಸಿಸ್ಟರ್, ಇಲ್ಲಿಗೇ ಕರಕೊಂಡು ಬರ್ತೀವಿ" ಎನ್ನುತ್ತಿದ್ದರು. ಏಳಲಾಗದ ರೋಗಿಯನ್ನು ಹೊರಗೆ ಹೊತ್ತು ತರುವ ಮಾತು! ನಾನು ಆ ಕುರ್ಚಿಯನ್ನೇ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಹುಣ್ಣು ತೊಳೆಯುವ ಕೈಯನ್ನು ಎರಡನೇ ಸಲ ಯಾರೂ ಬಾಗಿಲಲ್ಲಿ ನಿಲ್ಲಿಸಲಿಲ್ಲ. ನಿಮಗೂ ಇಂಥ ಕುರ್ಚಿ ಹಾಕುವವರು ಸಿಗುತ್ತಾರೆ. ಎತ್ತಿಕೊಂಡು ಒಳಗೆ ಹೋಗಿ.

ಇನ್ನು ಈರಮ್ಮ. ಕೊಟ್ಟೂರಿನಲ್ಲಿ ಮೂವತ್ತು ವರ್ಷ ಜೋಳದ ರೊಟ್ಟಿಯ ಖಾನಾವಳಿ ನಡೆಸಿದವಳು. ಬೀಡಿ ಸೇದಿದವಳಲ್ಲ, ಎಲೆ ಅಡಿಕೆ ಹಾಕಿದವಳಲ್ಲ. ಕಟ್ಟಿಗೆ ಒಲೆಯ ಮುಂದೆ ಜೀವನ ತೆಗೆದವಳು. ಗಂಡ ಬೇಗ ಹೋದ. ಒಬ್ಬನೇ ಮಗ ಮಂಜುನಾಥ, ಹರಪನಹಳ್ಳಿಯಲ್ಲಿ ಕಚೇರಿಯೊಂದರ ಗುಮಾಸ್ತ. ತಾಯಿಯ ಮೇಲೆ ಪ್ರಾಣ. ಅವಳಿಗೆ ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದ ಅವನ ಕೆಲಸ ಎರಡೇ ಆಗಿದ್ದವು. ದೂರದ ಪಟ್ಟಣದ ಆಸ್ಪತ್ರೆಗೆ ಕಾರಿನಲ್ಲಿ ಕರೆದುಕೊಂಡು ಹೋಗಿ ಕಿಮೊ ಕೊಡಿಸುವುದು, ಮತ್ತು ತಾಯಿಯ ಕಿವಿಗೆ ಕ್ಯಾನ್ಸರ್ ಎಂಬ ಪದ ಬೀಳದಂತೆ ಕಾಯುವುದು.

ನಾನು ಮೊದಲು ಹೋದಾಗ ಅವನು ಬಾಗಿಲಲ್ಲೇ ನಿಲ್ಲಿಸಿದ. "ಪುಪ್ಪುಸದಾಗ ನೀರು ತುಂಬೈತಿ ಅಂತ ಹೇಳೀನ್ರಿ. ನೀವೂ ಅದನ್ನ ಹೇಳ್ರಿ. ಬ್ಯಾರೆ ಒಂದು ಮಾತು ಆಡಿದ್ರ ನಾ ಸುಮ್ನಿರಂಗಿಲ್ಲ."

"ನಾನಾಗಿ ಏನೂ ಹೇಳಂಗಿಲ್ಲಪ್ಪ. ಆದ್ರ ಅವರು ಕೇಳಿದ್ರ ಸುಳ್ಳು ಹೇಳಂಗಿಲ್ಲ," ಎಂದೆ. ಅವನಿಗೆ ಇದು ಒಪ್ಪಿಗೆಯಂತೆ ಕೇಳಿಸಿರಬೇಕು, ಒಳಗೆ ಬಿಟ್ಟ.

ಮೂರನೇ ಭೇಟಿಯ ದಿನ ಮಗ ಕಚೇರಿಗೆ ಹೋಗಿದ್ದ. ಕೆಳಗೆ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸದ್ದು. ಇಪ್ಪತ್ತು ವರ್ಷದಿಂದ ಈರಮ್ಮನ ಜೊತೆ ದುಡಿದ ಹನುಮಕ್ಕ ಆಗ ಅಡುಗೆ ನೋಡಿಕೊಳ್ಳುತ್ತಿದ್ದಳು. ಈರಮ್ಮ ದಿಂಬಿಗೆ ಒರಗಿ ಕೂತಿದ್ದಳು. ಪೂರ್ತಿ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ.

"ತಂಗೀ, ಬಾಗಲ ಮುಂದ ಮಾಡು," ಎಂದಳು. ಬಾಗಿಲು ಮುಚ್ಚಿದೆ. "ನೀರು ತೆಗಿಸಾಕ ಹೋದ್ರ ಕೂದಲ ಯಾಕ ಉದುರತಾವು?"

ನಾನು ಕಲಿತ ಪ್ರಶ್ನೆ ಕೇಳಿದೆ. "ನಿನಗೇನಾಗೈತಿ ಅಂತ ನೀ ಏನು ತಿಳ್ಕಂಡೀಯಕ್ಕಾ?"

"ಕೆಟ್ಟದ್ದು ಅಂತ ತಿಳ್ಕಂಡೀನಿ. ಮಗ ನನ್ನ ಮುಂದ ನಗ್ತಾನ, ಬಚ್ಚಲದಾಗ ಹೋಗಿ ಅಳ್ತಾನ. ಗ್ವಾಡಿ ತೆಳ್ಳಗ ಅದಾವು, ನನಗ ಕೇಳಸ್ತೈತಿ."

"ನಂಗ ಗೊತ್ತಿದ್ದಷ್ಟು ಹೇಳ್ಲೇನು? ಎಲ್ಲಾ ಹೇಳ್ಲೋ, ಒಂದಿಷ್ಟು ಹೇಳ್ಲೋ?"

ಅವಳು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿತ್ತು. "ಎಲ್ಲಾ ಹೇಳು. ಮೂವತ್ತು ವರ್ಷ ಊಟಕ್ಕ ಹಾಕೀನಿ. ಹಿಟ್ಟು ಎಷ್ಟು ಉಳದೈತಿ ಅಂತ ನೋಡದ ಒಲಿ ಮುಂದ ಕುಂತಾಕಿ ಅಲ್ಲ ನಾನು."

ಹೇಳಿದೆ. ಕ್ಯಾನ್ಸರ್ ಎಂದೆ. ಒಂದು ಪುಪ್ಪುಸದಲ್ಲಿ ಹುಟ್ಟಿದ್ದು ಇನ್ನೊಂದಕ್ಕೂ ಬೆನ್ನೆಲುಬಿಗೂ ಹೋಗಿದೆ ಎಂದೆ. ವಾಸಿಯಾಗುವುದಿಲ್ಲ ಎಂಬ ಮಾತನ್ನು ಬಾಯಿಂದ ಹೊರಡಿಸುವುದು ಅಷ್ಟು ವರ್ಷದ ಮೇಲೂ ಕಷ್ಟವಾಯಿತು. ಎಷ್ಟು ದಿನ ಎಂದು ಕೇಳಿದಳು.

"ದಿನ ಎಣಿಸಿ ಹೇಳಾಕ ಯಾರಿಗೂ ಬರಂಗಿಲ್ಲಕ್ಕಾ. ಆದ್ರ ವರ್ಷದ ಮಾತಲ್ಲ, ತಿಂಗಳ ಮಾತು. ಎರಡಾಗಬಹುದು, ನಾಲ್ಕಾಗಬಹುದು."

ಕೆಳಗಿನ ರೊಟ್ಟಿಯ ಸದ್ದು ಕೇಳುತ್ತ ಕೂತೆವು. ಆಮೇಲೆ ಅವಳು ಕೇಳಿದ್ದು ಸಾವಿನ ವಿಷಯವಲ್ಲ. "ಉಸಿರು ಕಟ್ಟಿ ಒದ್ದಾಡಿ ಸಾಯ್ತೀನೇನು?"

"ಇಲ್ಲ. ಅದಕ್ಕ ಔಷಧಿ ಐತಿ. ಒದ್ದಾಡಾಕ ನಾನು ಬಿಡಂಗಿಲ್ಲ."

ಅದು ದೊಡ್ಡ ಮಾತು. ಆ ಔಷಧಿ ಮಾರ್ಫಿನ್. ನೋವಿಗಷ್ಟೇ ಅಲ್ಲ, ಕೊನೆಯ ಹಂತದ ಏದುಸಿರಿಗೂ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಉಸಿರು ಹಗುರಾಗುತ್ತದೆ. ನಮ್ಮ ಆಸ್ಪತ್ರೆಗೆ ಅದು ಬಂದಿತ್ತು. ದೊಡ್ಡ ಡಾಕ್ಟರು ಬೀರುವಿನಲ್ಲಿಟ್ಟು ಬೀಗ ಹಾಕಿ ಬೀಗದ ಕೈಯನ್ನು ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು. ಕೊಟ್ಟರೆ ಲೆಕ್ಕ ಕೇಳುತ್ತಾರೆ, ಚಟವಾಗುತ್ತದೆ, ರೋಗಿ ಬೇಗ ಹೋಗುತ್ತಾನೆ ಎಂದು ಅವರ ಭಯ. ಕೆಟ್ಟವರಲ್ಲ, ಹೆದರಿದವರು. ಹೆದರಿದವರಿಂದ ರೋಗಿಗಳಿಗೆ ಆಗುವ ತೊಂದರೆ ಕಡಿಮೆಯದಲ್ಲ.

ಆ ಸಂಜೆ ಮಗ ಮುಂದಿನ ಕಿಮೊಗೆ ಹೊರಡುವ ಮಾತೆತ್ತಿದಾಗ ಈರಮ್ಮ, "ನಾ ಬರಂಗಿಲ್ಲ. ಇರೋ ದಿನ ಕಾರಿನಾಗ ವಾಂತಿ ಮಾಡ್ಕಂತ ಕಳಿಯಂಗಿಲ್ಲ. ಅಡಿಗಿ ಮನ್ಯಾಗ ಮಂಚ ಹಾಕು" ಎಂದಳಂತೆ. ಮಂಜುನಾಥ ಮರುದಿನವೇ ಅರ್ಜಿ ಬರೆದು ಕೊಟ್ಟ. ನರ್ಸು ತನ್ನ ವ್ಯಾಪ್ತಿ ಮೀರಿ ರೋಗ ತಿಳಿಸಿ ನಮ್ಮ ತಾಯಿಯ ಬದುಕುವ ಆಸೆ ಕಿತ್ತುಕೊಂಡಿದ್ದಾಳೆ, ಕ್ರಮ ಕೈಗೊಳ್ಳಿ ಎಂದು. ನನಗೆ ನೋಟಿಸು ಬಂತು. ಸಮಜಾಯಿಷಿ ಬರೆಯಲು ಕ್ಷಮಾಪಣೆಯ ಒಂದು ಮಾದರಿಯನ್ನೂ ಕಚೇರಿಯವರೇ ಕೊಟ್ಟರು, ಸಹಿ ಹಾಕಿದರೆ ಮುಗಿಯಿತು ಎಂದರು. ನಾನು ಬೇರೆ ಹಾಳೆ ತೆಗೆದುಕೊಂಡು ಮೂರು ಸಾಲು ಬರೆದೆ. ರೋಗಿ ಕೇಳಿದರು. ನನಗೆ ಗೊತ್ತಿತ್ತು. ಹೇಳಿದೆ.

ವಿಚಾರಣೆಯ ದಿನ ದೊಡ್ಡ ಡಾಕ್ಟರ ಕೋಣೆಯಲ್ಲಿ ಮಂಜುನಾಥ ಕೂತಿದ್ದ. ಪಕ್ಕದಲ್ಲಿ ಡಾಕ್ಟರ್ ನಸ್ರೀನ್, ಆಗಷ್ಟೇ ಸೇರಿದ್ದ ಹುಡುಗಿ, ನನ್ನ ಜೊತೆ ಮನೆ ಭೇಟಿಗೆ ಬರುತ್ತಿದ್ದವಳು. ದೊಡ್ಡ ಡಾಕ್ಟರು ಮೈಸೂರು ಕಡೆಯವರು, ಮಾತು ಮೆತ್ತಗೆ. "ರೋಗ ಹೇಳುವುದು ಡಾಕ್ಟರ ಕೆಲಸ ಸಿಸ್ಟರ್. ನಿಮ್ಮದಲ್ಲ."

"ಸರಿ ಸರ್. ಯಾವ ಡಾಕ್ಟರು ಹೇಳಿದ್ದಾರೆ?" ಎಂದೆ.

ಅವರು ಫೈಲಿನ ಹಾಳೆ ತಿರುವುತ್ತಿರುವಾಗ ಬಾಗಿಲು ತೆರೆಯಿತು. ಹನುಮಕ್ಕನ ಹೆಗಲ ಮೇಲೆ ಭಾರ ಹಾಕಿ ಈರಮ್ಮ ನಿಂತಿದ್ದಳು. ತಲೆಗೆ ಸೆರಗು, ತುಟಿ ನೀಲಿ. ಬಾಡಿಗೆ ಕಾರು ಮಾಡಿಕೊಂಡು ಬಂದಿದ್ದಳು. ಮಂಜುನಾಥ ಎದ್ದು ನಿಂತ. ಅವಳು ಅವನು ಬಿಟ್ಟ ಕುರ್ಚಿಯಲ್ಲೇ ಕೂತಳು. ಎರಡು ಮೂರು ಪದಕ್ಕೊಮ್ಮೆ ನಿಲ್ಲಿಸಿ ಉಸಿರು ತೆಗೆದುಕೊಂಡು ಮಾತಾಡಿದಳು.

"ರೋಗ ನಂದ್ರಿ. ಕೇಳಿದಾಕಿ ನಾನು. ಈಕಿಗೆ ಯಾಕ ನೋಟೀಸು? ನನಗ ಕೊಡ್ರಿ."

"ಹಾಗಲ್ಲಮ್ಮಾ, ನಿಮಗೆ ಆಘಾತವಾಗಬಾರದು ಅಂತ..."

"ಆಗೈತಿ. ಎರಡು ದಿನ ಅತ್ತೀನಿ. ಮೂರನೇ ದಿನ ಹನುಮಕ್ಕನ್ನ ಕರದು ಎಸರಿಗೆ ಎಷ್ಟು ನೀರು, ಹಿಟ್ಟು ಎಷ್ಟೊತ್ತು ನಾದಬೇಕು, ಎಲ್ಲಾ ಹೇಳಾಕ ಹತ್ತೀನಿ. ತಿಳೀದಿದ್ರ ಯಾವಾಗ ಹೇಳ್ತಿದ್ದೆ? ಸತ್ತ ಮ್ಯಾಲ?" ಬಹಳ ಹೊತ್ತು ಕೆಮ್ಮಿದಳು. "ಉಸಿರಿಗೆ ಔಷಧಿ ಐತಿ ಅಂದಾಳ ಈಕಿ. ನೀವು ಬೀರುದಾಗ ಇಟ್ಟು ಬೀಗ ಹಾಕೀರಂತ. ಕೊಡ್ರಿ."

"ಅದು ಅಭ್ಯಾಸವಾಗಿಬಿಡುತ್ತದಮ್ಮಾ."

"ಎರಡು ತಿಂಗಳದಾಗ ಎಷ್ಟು ಅಭ್ಯಾಸ ಆಗ್ತೈತ್ರೀ ಸಾಹೇಬ್ರ?"

ಡಾಕ್ಟರ್ ನಸ್ರೀನ್ ಎದ್ದಳು. "ಸರ್, ಇವರಿಗೆ ರೋಗ ಹೇಳಬೇಕಾಗಿದ್ದು ನಾನು. ಹೆದರಿ ಹೇಳಲಿಲ್ಲ. ಈಗ ಔಷಧಿ ನಾನು ಬರೆದುಕೊಡುತ್ತೇನೆ, ಜವಾಬ್ದಾರಿ ನನ್ನದು," ಎಂದು ಅಲ್ಲೇ ಚೀಟಿ ಬರೆದಳು. ದೊಡ್ಡ ಡಾಕ್ಟರು ಆ ಚೀಟಿಯನ್ನು ಓದಿ ಜೇಬಿನಿಂದ ಬೀಗದ ಕೈ ತೆಗೆದರು.

ಅಲ್ಲಿಗೆ ನಾನು ಗೆದ್ದೆ ಎಂದು ತಿಳಿಯಬೇಡಿ. ಅರ್ಜಿ ಬಂದ ಮೇಲೆ ಏನಾದರೂ ಕ್ರಮ ಆಗಲೇಬೇಕಲ್ಲ. ವ್ಯಾಪ್ತಿ ಮೀರಿದ್ದಕ್ಕಾಗಿ ಎಚ್ಚರಿಕೆ ಪತ್ರ ಕೊಟ್ಟು, ಅದನ್ನು ನನ್ನ ಸೇವಾ ಪುಸ್ತಕದಲ್ಲೂ ಬರೆದರು. ನಿವೃತ್ತಿಯ ಕಾಗದಪತ್ರ ಮಾಡುವಾಗ ಕಚೇರಿಯ ಗುಮಾಸ್ತೆ, "ಒಂದು ಅರ್ಜಿ ಕೊಟ್ಟುಬಿಡ್ರಿ ಮೇಡಂ, ಇದನ್ನ ತೆಗಿಸಿಬಿಡೋಣ. ಉಳಿದಿದ್ದೆಲ್ಲಾ ಚಲೋ ಐತಿ" ಎಂದಳು. ಬೇಡ ಎಂದೆ. ಆ ಪುಸ್ತಕದ ಉಳಿದ ಪುಟಗಳಲ್ಲಿ ನಾನು ತೆಗೆದುಕೊಂಡ ರಜೆಗಳಿವೆ, ವರ್ಗಾವಣೆಗಳಿವೆ. ನಾನು ಮಾಡಿದ ಕೆಲಸದ ಬಗ್ಗೆ ಇರುವುದು ಆ ಒಂದು ಪುಟ.

ಈರಮ್ಮ ಅದಾಗಿ ಮೂರು ತಿಂಗಳಿದ್ದಳು. ಖಾನಾವಳಿಯ ಅಡುಗೆಮನೆಯ ಕಿಟಕಿಯ ಪಕ್ಕ ಮಂಚ. ಹೊಗೆ ತಾಗದಂತೆ ಕಟ್ಟಿಗೆ ಒಲೆ ತೆಗೆಸಿ ಗ್ಯಾಸಿನ ಒಲೆ ಇಡಿಸಿದ್ದು ಮಂಜುನಾಥನೇ. ಮಾರ್ಫಿನ್ ಗುಳಿಗೆ ಶುರುವಾದ ವಾರ ಅವಳು ಎಷ್ಟೋ ದಿನದ ಮೇಲೆ ನಿದ್ದೆ ಮಾಡಿದಳು. ಎದ್ದು, "ಇದನ್ನ ಬೀರುದಾಗ ಇಟ್ಟಿದ್ರಲ್ಲ, ಎಂಥಾ ಮಂದಿ!" ಎಂದಳು. ಮಗ ನನ್ನ ಜೊತೆ ಮಾತು ಬಿಟ್ಟಿದ್ದ. ನಾನು ಬಂದರೆ ಎದ್ದು ಹೊರಗೆ ಹೋಗುತ್ತಿದ್ದ. ನಾನೂ ಮಾತಾಡಿಸಲಿಲ್ಲ. ತಾಯಿಯನ್ನು ಕಳೆದುಕೊಳ್ಳುತ್ತಿರುವವನಿಗೆ ಬೈಯಲು ಯಾರಾದರೂ ಬೇಕು. ಆ ಕೆಲಸಕ್ಕೂ ನಾವೇ ಆಗಬೇಕು, ಅದನ್ನು ಮನಸ್ಸಿಗೆ ಹಚ್ಚಿಕೊಂಡರೆ ಈ ನೌಕರಿ ನಡೆಯುವುದಿಲ್ಲ.

ಒಂದು ದಿನ ಬೆಳಿಗ್ಗೆ ಅವನೇ ಫೋನು ಮಾಡಿದ. "ಸಿಸ್ಟರ್, ಬರ್ರಿ," ಎಂದಷ್ಟೇ. ಡಾಕ್ಟರ್ ನಸ್ರೀನ್‌ಗೆ ಫೋನಿನಲ್ಲಿ ಸ್ಥಿತಿ ತಿಳಿಸಿ ಔಷಧಿ ಎಷ್ಟು ಕೊಡಬೇಕೆಂದು ಕೇಳಿಕೊಂಡು ಹೋದೆ. ಈರಮ್ಮನ ಕೈಕಾಲು ತಣ್ಣಗಾಗಿದ್ದವು, ಉಸಿರಿನ ನಡುವೆ ದೊಡ್ಡ ಬಿಡುವು. ಒದ್ದಾಟ ಇರಲಿಲ್ಲ. ಔಷಧಿ ಕೊಟ್ಟು, ಬಾಯಿ ಒದ್ದೆ ಮಾಡಿ ಹೊರಗೆ ಬಂದೆ. ಮಂಜುನಾಥ ಗೋಡೆಗೆ ಒರಗಿ ನಿಂತಿದ್ದ.

"ಇನ್ನ ಎಷ್ಟೊತ್ತು ಸಿಸ್ಟರ್?"

ಸುಳ್ಳು ಯಾಕೆ, ಚುಚ್ಚುವ ಮಾತೊಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಎಷ್ಟು ತಿಳ್ಕಬೇಕಂತೀಯಪ್ಪ?"

"ಎಲ್ಲಾ."

"ಹೊತ್ತು ಮುಳುಗೋತನಕ ಇರೋದು ಕಷ್ಟ. ನೋವಿಲ್ಲ. ಕಣ್ಣು ಮುಚ್ಚಿದ್ರೂ ಕೇಳಸ್ತಿರಬಹುದು. ನೀ ಇಲ್ಲಿ ನಿಂದ್ರಬ್ಯಾಡ."

ಅವನು ಒಳಗೆ ಹೋಗಿ ತಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಬಚ್ಚಲಿಗೆ ಹೋಗಲಿಲ್ಲ, ಅಲ್ಲೇ ಅವಳ ಮುಖದ ಮೇಲೆಯೇ ಬಾಗಿ ಜೋರಾಗಿ ಅತ್ತ. ಹನುಮಕ್ಕ ಹಿಟ್ಟಿನ ಕೈಯಲ್ಲೇ ಬಂದು ಕಾಲ ಹತ್ತಿರ ಕೂತು ಅತ್ತಳು. ಈರಮ್ಮ ಒಂದು ಸಲ ಕಣ್ಣು ತೆರೆದು ಮಗನನ್ನು ನೋಡಿದಳು. ತುಟಿ ಅಲುಗಿತು, ಬಗ್ಗಿ ಕೇಳಿದೆ.

"ಅಳಲಿ ಬಿಡು. ಮೂಗು ಒರಸ್ಕೊ ಅನ್ನು."

ಮಧ್ಯಾಹ್ನ ಊಟದ ಜನ ಎದ್ದು ಹೋದ ಮೇಲೆ, ಯಾವ ಗದ್ದಲವೂ ಇಲ್ಲದೆ ಆ ಉಸಿರು ನಿಂತಿತು.